ಎನ್‌ಕ್ಲೆಕ್ಸ್ ಫೇಲಾದ ಮೇಲೆ: ಬೇಗ ಬರೆಯೋದಾ, ತಡೆದು ಬರೆಯೋದಾ, ಎಲ್ಲಿ ಓದೋದು?

ಎನ್‌ಕ್ಲೆಕ್ಸ್-ಆರ್‌ಎನ್ ಎಂದರೆ ಅಮೆರಿಕ, ಕೆನಡಾದಲ್ಲಿ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಆಗಲು ಬರೆಯಬೇಕಾದ ಲೈಸೆನ್ಸ್ ಪರೀಕ್ಷೆ. ಅದರಲ್ಲಿ ಫೇಲಾದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. 45 ದಿನಕ್ಕೇ ಮತ್ತೆ ಕೂರಲಾ, ಆರು ತಿಂಗಳು ಬಿಟ್ಟು ನೋಡಲಾ? ಆನ್‌ಲೈನ್ ಪ್ರಶ್ನೆ ಸಂಗ್ರಹವಾದ ಯೂವರ್ಲ್ಡ್‌ಗೆ ಮತ್ತೆ ದುಡ್ಡು ಕಟ್ಟಲಾ, ಕೋಚಿಂಗ್ ಸೇರಲಾ? ಕೆಲಸ ಬಿಡಲಾ? ಅಮೆರಿಕದ ಆಸೆ ಬಿಟ್ಟು ಗಲ್ಫ್‌ಗೋ ಇಂಗ್ಲೆಂಡಿಗೋ ಹೊರಡಲಾ? ಇಷ್ಟರಲ್ಲಿ ಹೆಚ್ಚಿನವರು ಮೊದಲು ಹಿಡಿಯುವುದು ಕೋಚಿಂಗ್ ಪ್ರಶ್ನೆಯನ್ನು, ಯಾಕೆಂದರೆ ಮೊಬೈಲಿಗೆ ಜಾಹೀರಾತು ಬರುವುದು ಅದರದ್ದೇ. ನನ್ನ ಲೆಕ್ಕದಲ್ಲಿ ಅದು ಕೊನೆಗೆ ತೀರ್ಮಾನಿಸಬೇಕಾದ ವಿಷಯ. ಯಾಕೆ ಫೇಲಾಯಿತು ಎಂದು ಗೊತ್ತಾದರೆ ಯಾವಾಗ ಬರೆಯಬೇಕೆಂದು ಗೊತ್ತಾಗುತ್ತದೆ. ಯಾವಾಗ ಎನ್ನುವುದು ಖಚಿತವಾದರೆ ಹೇಗೆ ಓದಬೇಕು, ಎಷ್ಟು ಖರ್ಚು ಮಾಡಬೇಕು ಎನ್ನುವ ಆಯ್ಕೆಗಳು ತಾವಾಗಿಯೇ ಎರಡು ಮೂರಕ್ಕೆ ಇಳಿಯುತ್ತವೆ. ಇಲ್ಲಿ ಅದೇ ಕ್ರಮದಲ್ಲಿ ಹೋಗೋಣ.

ಫಲಿತಾಂಶ ಬಂದ ವಾರ

ಆ ವಾರ ಯಾವ ತೀರ್ಮಾನವೂ ಬೇಡ, ದುಡ್ಡು ಕಟ್ಟುವ ತೀರ್ಮಾನವಂತೂ ಬೇಡವೇ ಬೇಡ. ಹೇಗಿದ್ದರೂ 45 ದಿನ ಮುಗಿಯುವ ತನಕ ಪರೀಕ್ಷೆ ನಡೆಸುವ ಸಂಸ್ಥೆಯಾದ ಎನ್‌ಸಿಎಸ್‌ಬಿಎನ್ ನಿಮ್ಮನ್ನು ಮತ್ತೆ ಕೂರಿಸುವುದಿಲ್ಲ. ಅಷ್ಟರಲ್ಲಿ ಒಂದು ವಾರ ಅತ್ತರೆ, ಮಲಗಿದರೆ, ತವರಿಗೆ ಹೋಗಿ ಬಂದರೆ ಏನೂ ಕಳೆದುಹೋಗುವುದಿಲ್ಲ.

ಆ ವಾರದಲ್ಲಿ ನೆನಪಿಟ್ಟುಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿರುವ ನಿಮ್ಮ ನೋಂದಣಿಗೂ ಈ ಪರೀಕ್ಷೆಗೂ ಸಂಬಂಧವಿಲ್ಲ. ನಿನ್ನೆ ವಾರ್ಡಿನಲ್ಲಿ ಆರ್‌ಎನ್ ಆಗಿದ್ದವರು ಇವತ್ತೂ ಆರ್‌ಎನ್. ಮುಂದೆ ಪಾಸಾದಾಗ ಸಿಗುವ ಲೈಸೆನ್ಸಿನ ಮೇಲೆ ಎಷ್ಟನೇ ಸಲಕ್ಕೆ ಪಾಸಾದಿರಿ ಎಂದು ಬರೆದಿರುವುದಿಲ್ಲ. ಪರೀಕ್ಷೆಯಲ್ಲಿ ಅಂಕವೂ ಇಲ್ಲ, ರ‍್ಯಾಂಕೂ ಇಲ್ಲ, ಪಾಸು ಅಥವಾ ಫೇಲು ಅಷ್ಟೇ. 2023ರಲ್ಲಿ ಅಮೆರಿಕದಲ್ಲೇ ಓದಿ ಮೊದಲ ಸಲ ಬರೆದವರಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಜನ ಪಾಸಾದರು. ಹೊರದೇಶಗಳಲ್ಲಿ ಓದಿ ಬರೆದವರ ಪ್ರಮಾಣ ಅದಕ್ಕಿಂತ ಬಹಳ ಕೆಳಗಿತ್ತು. ಇದರಲ್ಲಿ ಬುದ್ಧಿಯ ಮಾತು ಕಡಿಮೆ. ಪರೀಕ್ಷೆ ಅಲ್ಲಿನ ವಾರ್ಡಿನದು, ನಾವು ಕಲಿತದ್ದು ಇಲ್ಲಿನ ವಾರ್ಡಿನಲ್ಲಿ. ಈ ಅಂತರಕ್ಕೆ ಮುಂದೆ ಬರುತ್ತೇನೆ.

ಮನೆಯಲ್ಲಿ ಹೇಳುವುದು ಕೆಲವರಿಗೆ ಪರೀಕ್ಷೆಗಿಂತ ಕಷ್ಟ. ಸಾಲ ಮಾಡಿ ಶುಲ್ಕ ಕಟ್ಟಿದ ಅಪ್ಪ, ‘ಯಾವಾಗ ಅಮೆರಿಕ?’ ಎಂದು ಸಿಕ್ಕಿದಾಗಲೆಲ್ಲ ಕೇಳುವ ಚಿಕ್ಕಮ್ಮ, ಜೊತೆಗೇ ಬರೆದು ಪಾಸಾದ ರೂಮ್‌ಮೇಟ್. ಎಲ್ಲರಿಗೂ ಹೇಳಬೇಕಿಲ್ಲ. ನಿಮ್ಮ ಓದಿಗೆ ಜಾಗ, ಸಮಯ, ದುಡ್ಡು ಕೊಡಬೇಕಾದವರಿಗೆ ಹೇಳಿದರೆ ಸಾಕು. ಉಳಿದವರಿಗೆ ‘ಪ್ರೊಸೆಸಿಂಗ್ ನಡೀತಿದೆ’ ಅಂದರೆ ಸುಳ್ಳೇನಲ್ಲ. ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಡ್ಯೂಟಿಯಲ್ಲಿ ಕೈ ನಡುಗುತ್ತಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ರೋಗಿಗಳಿಗೆ ನಾವೇ ಕೊಡುವ ನಂಬರು ನಮಗೂ ಆಗುತ್ತದೆ.

ಯಾವ ಅಳತೆಯಲ್ಲಿ ಅಳೆಯೋದು

ಆಯ್ಕೆಗಳನ್ನು ತೂಗುವ ಮೊದಲು ನಾಲ್ಕು ವಿಷಯ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದರಲ್ಲಿ ಮೊದಲನೆಯದೇ ಮುಖ್ಯ, ಉಳಿದವು ಅದರ ಹಿಂದೆ ಬರುತ್ತವೆ.

ಫೇಲಾದವರಿಗೆ ಮಾತ್ರ ಸಿಗುವ ಒಂದು ವರದಿ ಇದೆ, ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್. ಎಲ್ಲರೂ ಸಿಪಿಆರ್ ಅನ್ನುತ್ತಾರೆ. ಇದನ್ನು ಒಮ್ಮೆ ನೋಡಿ ನೋವಾಗಿ ಮಡಚಿಟ್ಟು ಮತ್ತೆ ತೆಗೆಯದವರೇ ಹೆಚ್ಚು. ಮುಂದಿನ ತಯಾರಿಗೆ ಇದಕ್ಕಿಂತ ಒಳ್ಳೆಯ ಕಾಗದ ಯಾವ ಕೋಚಿಂಗಿನವರೂ ಕೊಡಲಾರರು. ನಿಮಗೆ ಎಷ್ಟು ಪ್ರಶ್ನೆ ಬಂದವು, ಒಂದೊಂದು ವಿಭಾಗದಲ್ಲೂ ಪಾಸಿನ ಮಟ್ಟಕ್ಕಿಂತ ಮೇಲಿದ್ದಿರಾ, ಹತ್ತಿರವಿದ್ದಿರಾ, ಕೆಳಗಿದ್ದಿರಾ ಎಂಬುದು ಅದರಲ್ಲಿದೆ.

ಪ್ರಶ್ನೆಗಳ ಸಂಖ್ಯೆಯನ್ನು ಮೊದಲು ಓದಿ. 2023ರ ಏಪ್ರಿಲ್‌ನಲ್ಲಿ ಬಂದ ಹೊಸ ಮಾದರಿಯಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಒಟ್ಟು ಐದು ಗಂಟೆ. ನೀವು ಪಾಸಿನ ಗೆರೆಗಿಂತ ಮೇಲೋ ಕೆಳಗೋ ಎಂದು ನೂರಕ್ಕೆ 95ರಷ್ಟು ಖಾತ್ರಿಯಾದ ತಕ್ಷಣ ಕಂಪ್ಯೂಟರ್ ಪರೀಕ್ಷೆ ನಿಲ್ಲಿಸುತ್ತದೆ. 85ಕ್ಕೇ ನಿಂತು ಫೇಲಾಗಿದ್ದರೆ ಗೆರೆಯಿಂದ ಸಾಕಷ್ಟು ಕೆಳಗಿದ್ದಿರಿ ಎಂದರ್ಥ. 150ರ ತನಕ ಓಡಿ ಫೇಲಾಗಿದ್ದರೆ ಕೊನೆಯ ಪ್ರಶ್ನೆಯವರೆಗೂ ಕಂಪ್ಯೂಟರಿಗೇ ಅನುಮಾನವಿತ್ತು, ಗೆರೆಯ ಪಕ್ಕದಲ್ಲೇ ಇದ್ದಿರಿ. ಈ ಇಬ್ಬರಿಗೂ ಒಂದೇ ಸಲಹೆ ಕೊಡುವವರ ಮಾತು ಕೇಳಬೇಡಿ.

ಆಮೇಲೆ ವಿಭಾಗಗಳು. ಎಲ್ಲಕ್ಕೂ ಸಮ ತೂಕವಿಲ್ಲ. 2023ರ ಟೆಸ್ಟ್ ಪ್ಲ್ಯಾನಿನಲ್ಲಿ ಮ್ಯಾನೇಜ್‌ಮೆಂಟ್ ಆಫ್ ಕೇರ್‌ಗೆ (ಆರೈಕೆಯ ನಿರ್ವಹಣೆ, ಕೆಲಸ ಹಂಚಿಕೆ) ನೂರಕ್ಕೆ 15ರಿಂದ 21, ಔಷಧ ವಿಭಾಗಕ್ಕೆ 13ರಿಂದ 19 ಪಾಲು. ರೋಗಿಯ ಮನಸ್ಸಿನ ವಿಷಯಗಳಿರುವ ಸೈಕೋಸೋಷಿಯಲ್‌ಗೆ 6ರಿಂದ 12 ಅಷ್ಟೇ. ಎರಡು ಕಡೆ ‘ಕೆಳಗೆ’ ಎಂದಿದ್ದರೆ ದೊಡ್ಡ ಪಾಲಿನದ್ದನ್ನು ಮೊದಲು ಹಿಡಿಯಿರಿ.

ಇಷ್ಟು ಓದಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಗೊತ್ತಿಲ್ಲದೆ ಫೇಲಾದೆನಾ, ಗೊತ್ತಿದ್ದೂ ಪ್ರಶ್ನೆ ಹಿಡಿಯದೆ ಫೇಲಾದೆನಾ, ಅಥವಾ ಆವತ್ತು ಮೈ ಮನಸ್ಸು ಕೈಕೊಟ್ಟಿತಾ? ಹೆಚ್ಚಿನ ವಿಭಾಗಗಳಲ್ಲಿ ‘ಕೆಳಗೆ’ ಇದ್ದು 85ಕ್ಕೆ ನಿಂತಿದ್ದರೆ ಮೊದಲನೆಯದು. ‘ಹತ್ತಿರ’ಗಳೇ ತುಂಬಿದ್ದರೆ ಬಹುತೇಕ ಎರಡನೆಯದು. ನೂರನೇ ಪ್ರಶ್ನೆಯ ಹೊತ್ತಿಗೆ ಬೇಗ ಮುಗಿದರೆ ಸಾಕು ಅನಿಸಿತ್ತು, ಹಿಂದಿನ ರಾತ್ರಿ ನೈಟ್ ಡ್ಯೂಟಿ ಇತ್ತು, ಕೊನೆಯಲ್ಲಿ ಓದದೆ ಒತ್ತುತ್ತಾ ಹೋದೆ ಅಂದರೆ ಮೂರನೆಯದು.

ಎರಡನೇ ಅಳತೆ ನಿಮ್ಮ ಕೈಗೆ ನಿಜವಾಗಿ ಸಿಗುವ ಗಂಟೆ. ಟೈಮ್‌ಟೇಬಲಿನಲ್ಲಿ ಬರೆದ ಗಂಟೆಯಲ್ಲ, ಡ್ಯೂಟಿ, ಹ್ಯಾಂಡೋವರ್, ಬಸ್ಸು, ಅಡುಗೆ, ಮಗುವಿನ ಹೋಮ್‌ವರ್ಕ್ ಕಳೆದು ಉಳಿಯುವುದು.

ಮೂರನೆಯದು ದುಡ್ಡು. ಪ್ರತಿ ಸಲ ಬರೆಯುವಾಗಲೂ ನೋಂದಣಿಗೆ 200 ಡಾಲರ್, ಭಾರತದ ಕೇಂದ್ರದಲ್ಲಿ ಬರೆಯುವುದಕ್ಕೆ ಮೇಲೆ 150 ಡಾಲರ್, ಅದರ ಮೇಲೆ ತೆರಿಗೆ. ರೂಪಾಯಿಯಲ್ಲಿ ಮೂವತ್ತು ಸಾವಿರ ದಾಟುತ್ತದೆ. ನಮ್ಮಲ್ಲಿ ಎಷ್ಟೋ ಖಾಸಗಿ ಆಸ್ಪತ್ರೆಗಳ ಸ್ಟಾಫ್ ನರ್ಸಿಗೆ ಅದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಲೈಸೆನ್ಸ್ ಕೊಡುವ ಅಮೆರಿಕದ ಕೆಲವು ರಾಜ್ಯಗಳು ಮರುಅರ್ಜಿಗೆ ಬೇರೆ ಶುಲ್ಕವನ್ನೂ ಕೇಳುತ್ತವೆ. ಹಾಗಾಗಿ ‘ಸುಮ್ಮನೆ ಒಂದ್ಸಲ ಟ್ರೈ ಮಾಡೋಣ’ ಅನ್ನುವುದು ದುಬಾರಿ ಮಾತು.

ನಾಲ್ಕನೆಯದು ಹೊರಗಿನ ಗಡುವು. ಐಇಎಲ್‌ಟಿಎಸ್, ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಗಳ ಅಂಕಗಳಿಗೆ ಸಾಮಾನ್ಯವಾಗಿ ಎರಡು ವರ್ಷದ ಆಯುಸ್ಸು. ರಾಜ್ಯದ ನಿಯಮವೂ ನೋಡಬೇಕು: ನ್ಯೂಯಾರ್ಕಿನಲ್ಲಿ ಎಷ್ಟು ಸಲ ಬೇಕಾದರೂ ಬರೆಯಬಹುದು, ಫ್ಲೋರಿಡಾದಲ್ಲಿ ಮೂರು ಸಲ ಫೇಲಾದರೆ ಅವರು ಒಪ್ಪಿದ ರೆಮಿಡಿಯಲ್ ಕೋರ್ಸ್ ಮುಗಿಸದೆ ನಾಲ್ಕನೇ ಸಲ ಕೂರಿಸುವುದಿಲ್ಲ. ನಿಮ್ಮ ಅರ್ಜಿ ಯಾವ ರಾಜ್ಯದ್ದೋ ಅದರ ಬೋರ್ಡಿನ ಪುಟವನ್ನು ನೀವೇ ಓದಿ. ಏಜೆನ್ಸಿಯವರ ಬಾಯಿಮಾತು ಸಾಲದು.

ಗೊತ್ತಿದ್ದೂ ತಪ್ಪಾಗುವುದು ಹೇಗೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅನುಭವಿ ನರ್ಸುಗಳು ಫೇಲಾಗುವುದು ಹೆಚ್ಚಾಗಿ ಇಲ್ಲೇ.

ಸ್ತನದ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ರೋಗಿ ಕೇಳುತ್ತಾಳೆ, ‘ನನ್ನ ಯಜಮಾನರು ಇನ್ನು ನನ್ನ ಮುಖ ನೋಡ್ತಾರಾ ಸಿಸ್ಟರ್?’ ನಮ್ಮ ವಾರ್ಡಿನಲ್ಲಿ ಯಾರೇ ಇದ್ದರೂ ಕೈ ಹಿಡಿದು, ‘ಏನೂ ಆಗಲ್ಲಮ್ಮ, ಧೈರ್ಯವಾಗಿರಿ, ಎಲ್ಲ ಸರಿ ಹೋಗುತ್ತೆ’ ಅನ್ನುತ್ತಾರೆ. ಅದು ಒಳ್ಳೆಯ ಮನಸ್ಸಿನ ಮಾತೇ. ಆದರೆ ಎನ್‌ಕ್ಲೆಕ್ಸ್‌ನಲ್ಲಿ ಅದು ಹುಸಿ ಭರವಸೆ, ತಪ್ಪು ಉತ್ತರ. ‘ಡಾಕ್ಟರ ಹತ್ತಿರ ಮಾತಾಡಿ’ ಎನ್ನುವುದೂ ತಪ್ಪು, ಮಾತು ದಾಟಿಸಿದಂತೆ. ‘ಯಜಮಾನರ ವಿಷಯದಲ್ಲಿ ನಿಮಗೆ ಏನು ಯೋಚನೆ, ಇನ್ನೂ ಸ್ವಲ್ಪ ಹೇಳ್ತೀರಾ?’ ಎಂಬ ಅರ್ಥದ ಆಯ್ಕೆ ಸರಿ. ವಾರ್ಡಿನಲ್ಲಿ ಇಷ್ಟು ಹೊತ್ತು ಯಾರಿಗಿದೆ ಅನ್ನಬಹುದು. ಪರೀಕ್ಷೆಯ ಆಸ್ಪತ್ರೆಯಲ್ಲಿ ಹೊತ್ತೂ ಇದೆ, ಸಿಬ್ಬಂದಿಯೂ ಇದೆ, ಹಾಸಿಗೆಯೂ ಇದೆ.

ಕೆಲಸ ಹಂಚುವ ಪ್ರಶ್ನೆಗಳೂ ಹೀಗೇ. ನಮ್ಮಲ್ಲಿ ಊಟ ತಿನ್ನಿಸುವುದು ಮನೆಯವರು, ಸ್ಟ್ರೆಚರ್ ತಳ್ಳುವುದು ಅಟೆಂಡರ್, ಉಳಿದದ್ದೆಲ್ಲ ಸಿಸ್ಟರ್. ಅಲ್ಲಿ ಆರ್‌ಎನ್, ಅವರ ಕೆಳಗಿನ ಲೈಸೆನ್ಸಿನ ಎಲ್‌ಪಿಎನ್, ಲೈಸೆನ್ಸಿಲ್ಲದ ಸಹಾಯಕರಾದ ಯುಎಪಿ ಎಂದು ಮೂರು ಮೆಟ್ಟಿಲು. ಸ್ಥಿರವಾಗಿರುವ ರೋಗಿಯ ಬಿಪಿ ನೋಡುವುದನ್ನು, ಸ್ನಾನ ಮಾಡಿಸುವುದನ್ನು ಯುಎಪಿಗೆ ಕೊಡಬಹುದು. ಪಾರ್ಶ್ವವಾಯುವಾಗಿ ನುಂಗಲು ತೊಂದರೆಯಿರುವವರಿಗೆ ಮೊದಲ ಸಲ ಊಟ ಕೊಡುವುದನ್ನು ಕೊಡುವಂತಿಲ್ಲ. ಅಸೆಸ್‌ಮೆಂಟು, ರೋಗಿಗೆ ಹೇಳಿಕೊಡುವುದು, ಫಲಿತಾಂಶ ತೂಗಿ ನೋಡುವುದು ಆರ್‌ಎನ್ ಕೈಯಲ್ಲೇ ಉಳಿಯಬೇಕು. ಹತ್ತು ವರ್ಷ ಐಸಿಯುನಲ್ಲಿದ್ದರೂ ಈ ಹಂಚಿಕೆಯನ್ನು ನಾವು ಮಾಡಿಯೇ ಇರುವುದಿಲ್ಲ, ಪಾಲು ನೋಡಿದರೆ ಇದು ಸೇರುವ ಮ್ಯಾನೇಜ್‌ಮೆಂಟ್ ಆಫ್ ಕೇರ್ ವಿಭಾಗವೇ ಎಲ್ಲಕ್ಕಿಂತ ದೊಡ್ಡದು.

ಇನ್ನೊಂದು ನಮ್ಮ ರಕ್ತಗತ ಅಭ್ಯಾಸ, ‘ಮೊದಲು ಡಾಕ್ಟರಿಗೆ ತಿಳಿಸು’. ಎದೆಯ ಮಟ್ಟದ ಟಿ6 ಎಂಬಲ್ಲೋ ಅದಕ್ಕಿಂತ ಮೇಲೋ ಬೆನ್ನುಹುರಿಗೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತಿದೆ, ಬಿಪಿ 200 ದಾಟಿದೆ. ಮೊದಲು ಮಾಡಬೇಕಾದ್ದು ಎಬ್ಬಿಸಿ ಕೂರಿಸುವುದು, ಆಮೇಲೆ ಕ್ಯಾತಿಟರ್ ಮಡಚಿಕೊಂಡಿದೆಯಾ ನೋಡುವುದು. ಫೋನು ಅದರ ಹಿಂದೆ. ನರ್ಸ್ ತಾನೇ ಮಾಡಬಹುದಾದದ್ದು ಒಂದಾದರೂ ಉಳಿದಿದ್ದರೆ ಫೋನ್ ಆಯ್ಕೆಯನ್ನು ಅನುಮಾನದಿಂದ ನೋಡಿ.

ನಿಮ್ಮ ತಪ್ಪುಗಳು ಹೆಚ್ಚಾಗಿ ಈ ಜಾತಿಯವಾದರೆ ಮತ್ತೆ ಅನಾಟಮಿಯಿಂದ ಶುರುಮಾಡುವ ಆರು ತಿಂಗಳ ಕ್ಲಾಸಿಗೆ ದುಡ್ಡು ಸುರಿಯುವುದು ವ್ಯರ್ಥ.

ಯಾವಾಗ: 45 ದಿನ, ಮೂರು ನಾಲ್ಕು ತಿಂಗಳು, ಅಥವಾ ಇನ್ನೂ ತಡವಾಗಿ

45 ದಿನದ ಆಸುಪಾಸಿನಲ್ಲೇ ಬರೆಯುವುದು ಯಾರಿಗೆ ಸರಿ? ಪ್ರಶ್ನೆಗಳು 130, 150ರ ತನಕ ಹೋದವರಿಗೆ, ‘ಹತ್ತಿರ’ಗಳೇ ಹೆಚ್ಚಿರುವವರಿಗೆ, ದಿನಕ್ಕೆ ನಾಲ್ಕು ಗಂಟೆಯಾದರೂ ತಡೆಯಿಲ್ಲದೆ ಸಿಗುವವರಿಗೆ. ಓದಿದ್ದು ಇನ್ನೂ ತಲೆಯಲ್ಲಿ ಬಿಸಿಯಾಗಿರುತ್ತದೆ, ಔಷಧಗಳ ಹೆಸರು ಮರೆತಿರುವುದಿಲ್ಲ. ಆದರೆ ಈ ದಾರಿ ಹಿಡಿಯುವವರಲ್ಲಿ ಎಷ್ಟೋ ಜನ ಅವಮಾನ ಬೇಗ ಅಳಿಸಿಹೋಗಲಿ ಎಂದು ಹಿಡಿಯುತ್ತಾರೆ, ಮೊದಲ ಸಲದಂತೆಯೇ ಓದಿ ಮೊದಲ ಸಲದಂತೆಯೇ ಬರೆಯುತ್ತಾರೆ. ವರ್ಷಕ್ಕೆ ಎಂಟು ಸಲ ಬರೆಯಲು ನಿಯಮ ಬಿಡುತ್ತದೆ, ನಿಜ. ಹಾಗೆಂದು ಎಂಟೂ ಬರೆಯಬೇಕಿಲ್ಲವಲ್ಲ.

ಕೆಲಸ ಮಾಡುತ್ತಾ ಓದುವ ಹೆಚ್ಚಿನವರಿಗೆ ನಾನು ಹೇಳುವುದು ಮೂರರಿಂದ ನಾಲ್ಕು ತಿಂಗಳು. 85ರಿಂದ 110ರೊಳಗೆ ನಿಂತವರಿಗೆ, ಎರಡು ಮೂರು ದೊಡ್ಡ ವಿಭಾಗಗಳಲ್ಲಿ ಕೆಳಗಿದ್ದವರಿಗೆ ಇದು ಹೊಂದುತ್ತದೆ. ಮೊದಲ ತಿಂಗಳು ಕೆಳಗಿದ್ದ ವಿಭಾಗಗಳ ವಿಷಯ, ಆಮೇಲೆ ಎರಡು ತಿಂಗಳು ಪ್ರಶ್ನೆ, ಉಳಿದದ್ದರಲ್ಲಿ ಪೂರ್ತಿ ಅಣಕು ಪರೀಕ್ಷೆ. ಇದಕ್ಕಿಂತ ಉದ್ದ ಎಳೆದರೆ ಮೊದಲು ಓದಿದ್ದು ಕೊನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ.

ಆರು ತಿಂಗಳು, ವರ್ಷ ಬಿಡುವುದಕ್ಕೆ ಓದು ಕಾರಣವಾಗಬಾರದು, ಬದುಕು ಕಾರಣವಾಗಬಹುದು. ಹೆರಿಗೆ, ಮನೆಯಲ್ಲಿ ಕಾಯಿಲೆ, ಮೊದಲ ಸಲದ ಸಾಲ ತೀರದಿರುವುದು, ಮನಸ್ಸು ಪೂರ್ತಿ ಸೋತಿರುವುದು ಇವೆಲ್ಲ ನ್ಯಾಯವಾದ ಕಾರಣಗಳೇ. ಹಾಗೆ ಬಿಡುವವರು ದಿನಕ್ಕೆ ಹತ್ತು ಹದಿನೈದು ಪ್ರಶ್ನೆಯ ನಂಟನ್ನಾದರೂ ಇಟ್ಟುಕೊಂಡರೆ ಮರಳುವಾಗ ಸೊನ್ನೆಯಿಂದ ಶುರುಮಾಡಬೇಕಾಗುವುದಿಲ್ಲ.

ಎಲ್ಲಿಗೆ ಹೋಗಬೇಕೆಂದಿದ್ದೀರಿ ಎನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಭಾರತದಲ್ಲಿ ಹುಟ್ಟಿದವರಿಗೆ ನರ್ಸುಗಳು ಸಾಮಾನ್ಯವಾಗಿ ಹೋಗುವ ಅಮೆರಿಕದ ಇಬಿ-3 ಉದ್ಯೋಗ ವರ್ಗದ ಗ್ರೀನ್‌ಕಾರ್ಡಿನ ಸರದಿ ಹತ್ತು ವರ್ಷಕ್ಕೂ ಹಿಂದೆ ಬಿದ್ದಿದೆ. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಎರಡು ತಿಂಗಳು ಮುಂಚೆ ಪಾಸಾಗುವುದರಿಂದ ಸಿಗುವುದು ಆ ಸಾಲಿನಲ್ಲಿ ಎರಡು ತಿಂಗಳು ಮುಂದಿನ ಜಾಗ, ಅದೂ ಉದ್ಯೋಗದಾತರು ಕೂಡಲೇ ಅರ್ಜಿ ಹಾಕಿದರೆ. ಕೆನಡಾದಲ್ಲಿ ಈಗಾಗಲೇ ಇದ್ದು, ಪರ್ಸನಲ್ ಸಪೋರ್ಟ್ ವರ್ಕರ್ (ಆರೈಕೆ ಸಹಾಯಕಿ) ಕೆಲಸ ಮಾಡುತ್ತಾ ಬರೆಯುತ್ತಿರುವವರ ಕಥೆ ಬೇರೆ. ಅಲ್ಲಿ 2015ರಿಂದ ಇದೇ ಪರೀಕ್ಷೆ, ತಡವಾದ ಪ್ರತಿ ತಿಂಗಳೂ ಆರ್‌ಎನ್ ಸಂಬಳ ಕೈತಪ್ಪಿದ ತಿಂಗಳು. ಅವರು ಅವಸರ ಮಾಡುವುದರಲ್ಲಿ ಅರ್ಥವಿದೆ.

ಹೇಗೆ: ಒಬ್ಬರೇ, ಕ್ಲಾಸಿನಲ್ಲಿ, ಅಥವಾ ಒಬ್ಬರ ಮುಂದೆ ಕೂತು

ಕ್ಯೂಬ್ಯಾಂಕ್, ಅಂದರೆ ಯೂವರ್ಲ್ಡ್‌ನಂಥ ಪ್ರಶ್ನೆ ಸಂಗ್ರಹ ಇಟ್ಟುಕೊಂಡು ಒಬ್ಬರೇ ಓದುವುದು ಅಗ್ಗ, ಪ್ರಶ್ನೆ ಹಿಡಿಯದೆ ಫೇಲಾದವರಿಗೆ ಅದೇ ಮದ್ದು ಕೂಡ. ಯೂವರ್ಲ್ಡ್‌ನ ಬಲ ಅದರ ರ‍್ಯಾಷನಾಲ್, ಅಂದರೆ ಉತ್ತರದ ವಿವರಣೆ. ಯಾಕೆ ಸರಿ ಎನ್ನುವುದರ ಜೊತೆ ಉಳಿದವು ಯಾಕೆ ತಪ್ಪು ಎಂದೂ ಚಿತ್ರ, ಪಟ್ಟಿ ಸಮೇತ ಬಿಡಿಸಿ ಹೇಳುತ್ತದೆ. ಆರ್ಚರ್ ಎಂಬ ಇನ್ನೊಂದು ಕ್ಯೂಬ್ಯಾಂಕ್ ಬೆಲೆಯಲ್ಲಿ ಕಡಿಮೆ, ವಿವರಣೆ ಚಿಕ್ಕದು. ಮೊದಲ ಸಲ ಯೂವರ್ಲ್ಡ್ ಪೂರ್ತಿ ಮುಗಿಸಿ ಫೇಲಾಗಿದ್ದರೆ ಅದನ್ನೇ ಮತ್ತೆ ಕೊಳ್ಳಬೇಡಿ ಎನ್ನುತ್ತೇನೆ. ಎರಡನೇ ಸುತ್ತಿನಲ್ಲಿ ಬರುವ ನೂರಕ್ಕೆ ಎಂಬತ್ತು ನಿಮ್ಮ ಜ್ಞಾಪಕಶಕ್ತಿಯ ಅಂಕ. ಹಳೆಯದರಲ್ಲಿ ತಪ್ಪಾದವುಗಳ ನೋಟ್ಸ್ ಇಟ್ಟುಕೊಂಡು ಪ್ರಶ್ನೆಗಳಿಗೆ ಬೇರೆ ಬ್ಯಾಂಕ್ ಹಿಡಿಯಿರಿ. ಅರ್ಧವಷ್ಟೇ ಮಾಡಿದ್ದರೆ ಅದನ್ನೇ ಮುಂದುವರಿಸುವುದು ಲೇಸು. ಚಂದಾ ದಿನದ ಲೆಕ್ಕದಲ್ಲಿ ಓಡುವುದರಿಂದ ಅಳು ನಿಂತು ಟೈಮ್‌ಟೇಬಲ್ ಕೂತ ಮೇಲೆಯೇ ಶುರು ಮಾಡಿ.

ಎಷ್ಟು ಪ್ರಶ್ನೆ ಮಾಡಿದಿರಿ ಎನ್ನುವುದಕ್ಕಿಂತ ತಪ್ಪಿನ ಪುಸ್ತಕ ಇಟ್ಟಿರಾ ಎನ್ನುವುದು ಮುಖ್ಯ. ಪ್ರತಿ ತಪ್ಪಿನ ಮುಂದೆ ಒಂದೇ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ತಪ್ಪಾಗಿ ಓದಿದೆ, ಸರಿಯಿದ್ದದ್ದನ್ನು ಬದಲಿಸಿದೆ. ಎರಡು ವಾರ ಬರೆದರೆ ನಿಮ್ಮ ರೋಗ ಯಾವುದೆಂದು ಸಿಪಿಆರ್‌ಗಿಂತ ಸ್ಪಷ್ಟವಾಗಿ ಕಾಣುತ್ತದೆ. ‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಮಾದರಿಯಲ್ಲಿ ಈಗ ಭಾಗಶಃ ಅಂಕವಿದೆ, ಸರಿಗೆ ಒಂದು ಕೂಡುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಹಾಗಾಗಿ ಖಚಿತವಿಲ್ಲದ ಆಯ್ಕೆಯನ್ನು ‘ಇರಲಿ’ ಎಂದು ಒತ್ತುವ ಚಟ ನೇರವಾಗಿ ಅಂಕ ತಿನ್ನುತ್ತದೆ.

ಒಂದು ಸಣ್ಣ ವಿಷಯ, ಆದರೆ ಯಾರೂ ಹೇಳುವುದಿಲ್ಲ. ನಮ್ಮವರು ಕ್ಯೂಬ್ಯಾಂಕ್ ಮಾಡುವುದು ಬಸ್ಸಿನಲ್ಲಿ, ಹಾಸ್ಟೆಲ್ ಮಂಚದ ಮೇಲೆ, ಮೊಬೈಲಿನಲ್ಲಿ. ಪರೀಕ್ಷೆ ಇರುವುದು ದೊಡ್ಡ ಪರದೆಯಲ್ಲಿ. ಕೇಸ್ ಸ್ಟಡಿಯಲ್ಲಿ ಒಂದು ಪಕ್ಕ ನರ್ಸ್ ನೋಟ್ಸ್, ವೈಟಲ್ಸ್, ಲ್ಯಾಬ್ ಎಂದು ಟ್ಯಾಬುಗಳು, ಇನ್ನೊಂದು ಪಕ್ಕ ಪ್ರಶ್ನೆ. ಒಂದು ರೋಗಿಯ ಮೇಲೆ ಆರು ಪ್ರಶ್ನೆ, ಮುಂದೆ ಹೋದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಕನಿಷ್ಠ ಕೊನೆಯ ತಿಂಗಳಾದರೂ ಲ್ಯಾಪ್‌ಟಾಪಿನಲ್ಲಿ, ಮೇಜಿನ ಮುಂದೆ, ಎದ್ದು ಹೋಗದೆ ಮಾಡಿ. ಲ್ಯಾಪ್‌ಟಾಪ್ ಇಲ್ಲದವರು ಕೋಚಿಂಗಿಗೆ ಎತ್ತಿಟ್ಟ ದುಡ್ಡಿನಲ್ಲಿ ಹಳೆಯದೊಂದನ್ನು ಕೊಂಡರೂ ನಷ್ಟವಿಲ್ಲ. ಎನ್‌ಸಿಎಸ್‌ಬಿಎನ್‌ನವರೇ ಪರೀಕ್ಷೆಯ ಪರದೆ ಹೇಗಿರುತ್ತದೆಂದು ತೋರಿಸುವ ಮಾದರಿ ಪ್ರಶ್ನೆಗಳನ್ನು ಉಚಿತವಾಗಿ ಇಟ್ಟಿದ್ದಾರೆ, ಅದನ್ನು ಮೊದಲು ನೋಡಿ. ನೆಟ್ಟಿನಲ್ಲಿ ಓಡಾಡುವ ಹಳೆಯ ಆಡಿಯೊ ಪಾಠಗಳು ಚೆನ್ನಾಗಿಯೇ ಇವೆ, ಆದರೆ 2023ಕ್ಕೆ ಮೊದಲಿನವುಗಳಲ್ಲಿ ಈ ಕೇಸ್ ಸ್ಟಡಿಗಳಿರುವುದಿಲ್ಲ.

ಕೋಚಿಂಗ್ ಕ್ಲಾಸು ವಿಷಯವೇ ಗೊತ್ತಿಲ್ಲದೆ ಫೇಲಾದವರಿಗೆ, ಕಾಲೇಜು ಬಿಟ್ಟು ಏಳೆಂಟು ವರ್ಷವಾದವರಿಗೆ, ಯಾರಾದರೂ ಕೂರಿಸದೆ ಕೂರದವರಿಗೆ. ಬೆಂಗಳೂರು, ಮಂಗಳೂರಿನಲ್ಲಿವೆ, ಕೇರಳದಲ್ಲಿ ಇನ್ನೂ ಹೆಚ್ಚು. ಅಲ್ಲಿನ ಆನ್‌ಲೈನ್ ಬ್ಯಾಚ್ ಸೇರುವ ಮೊದಲು ಪಾಠ ಯಾವ ಭಾಷೆಗೆ ಜಾರುತ್ತದೆ ಎಂದು ಡೆಮೊ ಕ್ಲಾಸಿನಲ್ಲೇ ನೋಡಿಕೊಳ್ಳಿ, ಮಲಯಾಳದ ತಮಾಷೆಗೆ ಎಲ್ಲರೂ ನಗುವಾಗ ನೀವು ಸುಮ್ಮನೆ ಕೂರಬೇಕಾದೀತು. ಮರಳಿ ಬರೆಯುವವರಿಗೆ ಬೇರೆ ಬ್ಯಾಚ್ ಇದೆಯಾ, ಇಲ್ಲ ಹೊಸಬರ ಜೊತೆ ಮೊದಲ ಪಾಠದಿಂದ ಕೂರಿಸುತ್ತಾರಾ? ನಿಮ್ಮ ಸಿಪಿಆರ್ ಕೇಳಿ ನೋಡಿದರಾ? ಕೇಳದೆಯೇ ಶುಲ್ಕದ ಲಿಂಕ್ ಕಳಿಸಿದವರನ್ನು ಬಿಟ್ಟುಬಿಡಿ. ‘ಪಾಸ್ ಗ್ಯಾರಂಟಿ’ ಎಂಬುದರ ಅರ್ಥವನ್ನೂ ಬರಹದಲ್ಲಿ ಕೇಳಿ. ಹಲವು ಕಡೆ ಅದು ಫೇಲಾದರೆ ಅದೇ ಕ್ಲಾಸನ್ನು ಮತ್ತೆ ಪುಕ್ಕಟೆ ಕೇಳಬಹುದು ಅಂತಷ್ಟೇ.

ಆನ್‌ಲೈನ್ ಲೈವ್ ಕ್ಲಾಸು ಶಿಫ್ಟ್ ಡ್ಯೂಟಿಯವರಿಗೆ ಅನುಕೂಲ, ರೆಕಾರ್ಡಿಂಗ್ ಸಿಗುತ್ತದೆ. ರೆಕಾರ್ಡಿಂಗ್ ಇದೆಯಲ್ಲ ಎಂದು ನೋಡದೆ ಬೆಟ್ಟದಷ್ಟು ಪೇರಿಸಿಕೊಳ್ಳುವುದು ಅದರ ಅಪಾಯ.

ಒಬ್ಬರಿಗೊಬ್ಬರು ಟ್ಯೂಟರ್ ಗಂಟೆಗೆ ದುಬಾರಿ, ಒಟ್ಟಿನಲ್ಲಿ ಅಗ್ಗವಾಗಬಹುದು. 150ರ ತನಕ ಹೋಗಿ ಫೇಲಾದವರು, ಎರಡನೇ ಮೂರನೇ ಸಲವೂ ಫೇಲಾದವರು ಮೊದಲು ಯೋಚಿಸಬೇಕಾದ ಆಯ್ಕೆ ಇದು. ಪಾಠ ಹೇಳಿಸಿಕೊಳ್ಳಬೇಡಿ. ಅವರ ಮುಂದೆ ಪ್ರಶ್ನೆ ಓದಿ, ಯಾಕೆ ಆ ಉತ್ತರ ಆರಿಸಿದಿರೆಂದು ಬಾಯಿಬಿಟ್ಟು ಹೇಳಿ, ತಪ್ಪುವ ಜಾಗವನ್ನು ಅವರು ಹಿಡಿಯಲಿ. ಆರೇಳು ಗಂಟೆಯಲ್ಲಿ ಆಗುವ ಕೆಲಸ. ಟ್ಯೂಟರಿಗೆ ದುಡ್ಡಿಲ್ಲದಿದ್ದರೆ ಇತ್ತೀಚೆಗೆ ಪಾಸಾದ ಗೆಳತಿಯ ಮುಂದೆಯೂ ಇದನ್ನೇ ಮಾಡಬಹುದು.

ಟೆಲಿಗ್ರಾಂ ಗುಂಪುಗಳಲ್ಲಿ ಇಬ್ಬರು ಮೂವರು ಜೊತೆಗಾರರನ್ನು ಹುಡುಕಿಕೊಳ್ಳಿ, ಅಷ್ಟಕ್ಕೆ ಅವು ಸಾಕು. ‘ನಿನ್ನೆ ಬಂದ ಪ್ರಶ್ನೆಗಳು’ ಎಂದು ಮಾರುವವರಿಂದ ದೂರವಿರಿ. ಪ್ರಶ್ನೆ ಹೊರಗೆ ಹೇಳುವುದಿಲ್ಲ ಎಂದು ಒಪ್ಪಿಕೊಂಡೇ ಎಲ್ಲರೂ ಪರೀಕ್ಷೆಗೆ ಕೂತಿರುತ್ತಾರೆ. ಸಿಕ್ಕಿಬಿದ್ದರೆ ಫಲಿತಾಂಶವೇ ರದ್ದಾದೀತು.

ಕೆಲಸ ಬಿಡಬೇಕಾ?

ಸಾಮಾನ್ಯವಾಗಿ ಬೇಡ. ಹೊರದೇಶದ ಉದ್ಯೋಗದಾತರು ಇತ್ತೀಚಿನ ಬೆಡ್‌ಸೈಡ್ ಅನುಭವ ಕೇಳುತ್ತಾರೆ, ಖಾಲಿ ಬಿದ್ದ ವರ್ಷ ಆಮೇಲೆ ಕಾಡುತ್ತದೆ. ಸಂಬಳವಿಲ್ಲದೆ ಮನೆಯಲ್ಲಿ ಕೂತರೆ ಓದುವ ಗಂಟೆಗಿಂತ ‘ಓದಿದ್ಯಾ?’ ಎಂದು ಕೇಳಿಸಿಕೊಳ್ಳುವ ಗಂಟೆ ಹೆಚ್ಚು. ಇನ್‌ಚಾರ್ಜ್ ಹತ್ತಿರ ಮಾತಾಡಿ ಕೊನೆಯ ಆರು ವಾರ ನೈಟ್ ತಪ್ಪಿಸಿಕೊಳ್ಳುವುದು, ಕೂಡಿಟ್ಟ ರಜೆಯನ್ನೆಲ್ಲ ಕೊನೆಯ ಹತ್ತು ದಿನಕ್ಕೆ ಹಾಕುವುದು ಒಳ್ಳೆಯ ನಡುದಾರಿ. ಮೈ ಸೋತು ಫೇಲಾದವರಿಗೆ ಇದು ಯಾವ ಕೋಚಿಂಗಿಗಿಂತಲೂ ಹೆಚ್ಚು ಕೊಡುತ್ತದೆ.

ಮದುವೆಯಾದ ಹೆಣ್ಣುಮಕ್ಕಳಿಗೆ ಆಸ್ಪತ್ರೆಯ ಶಿಫ್ಟ್ ಮುಗಿದ ಮೇಲೆ ಮನೆಯ ಶಿಫ್ಟ್ ಇರುತ್ತದೆ. ಆ ಗಂಟೆಗಳನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಗಂಡನ ಜೊತೆ, ಅತ್ತೆಯ ಜೊತೆ ಮೊದಲೇ ಬಾಯಿಬಿಟ್ಟು ಮಾತಾಡದೆ ಪರೀಕ್ಷೆಯ ದಿನ ಗೊತ್ತುಮಾಡಬೇಡಿ. ಮನೆಯಲ್ಲಿ ಸಾಧ್ಯವೇ ಇಲ್ಲವೆಂದರೆ ಬೆಂಗಳೂರಿನ ವಿಜಯನಗರದ ಕಡೆ ಕೆಎಎಸ್, ಐಎಎಸ್ ಓದುವವರಿಗೆಂದು ನಡೆಸುವ ಸ್ಟಡಿ ಹಾಲ್‌ಗಳಲ್ಲಿ ತಿಂಗಳ ಬಾಡಿಗೆಗೆ ಕುರ್ಚಿ ಸಿಗುತ್ತದೆ.

ಬೇರೆ ದಾರಿ ಹಿಡಿಯುವುದಾದರೆ

ಫೇಲಾದ ಸಿಟ್ಟಿನಲ್ಲಿ ದೇಶ ಬದಲಿಸುವವರು ಒಂದು ವಿಷಯ ನೋಡಿಕೊಳ್ಳಬೇಕು. ಆಸ್ಟ್ರೇಲಿಯಾಕ್ಕೆ ಇಲ್ಲಿಂದ ನೇರ ಹೋಗುವವರಿಗೂ 2020ರಿಂದ ಎನ್‌ಕ್ಲೆಕ್ಸ್ ಇದೆ, ಆಮೇಲೆ ಅಲ್ಲಿಗೆ ಹೋಗಿ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಅಂದರೆ ಅದು ತಪ್ಪಿಸಿಕೊಳ್ಳುವ ದಾರಿಯಲ್ಲ. ಇಂಗ್ಲೆಂಡಿಗೆ ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ ಪರೀಕ್ಷೆ ಇದಕ್ಕಿಂತ ಸರಳ, ಲೆಕ್ಕದ ಭಾಗ ಬೇರೆ, ಕ್ಲಿನಿಕಲ್ ಭಾಗ ಬೇರೆ. ಆದರೆ ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5, ಉಳಿದ ಮೂರಕ್ಕೂ 7 ಬೇಕು, ಅಲ್ಲಿಗೆ ಹೋದ ಮೇಲೆ ಓಸ್ಕಿ ಪಾಸಾಗಬೇಕು. ಇತ್ತೀಚೆಗೆ ಅಲ್ಲಿ ಹೊರದೇಶದವರ ನೇಮಕಾತಿಯೂ ಕುಗ್ಗಿದೆ.

ಸಾಲ ತೀರಿಸಬೇಕು, ಕೈಗೆ ದುಡ್ಡು ಬೇಗ ಬೇಕು ಎನ್ನುವವರಿಗೆ ಗಲ್ಫ್ ಸರಿ. ಅಲ್ಲಿನ ಲೈಸೆನ್ಸಿಗೆ ಬರೆಯುವ ಪ್ರೊಮೆಟ್ರಿಕ್ ಪರೀಕ್ಷೆಗಳು ಹೆಚ್ಚಾಗಿ ನೇರ ಬಹುಆಯ್ಕೆಯವು, ಓದಿದ್ದು ನೆನಪಿದ್ದರೆ ದಾಟಬಹುದು. ಅಲ್ಲಿ ಎರಡು ವರ್ಷ ದುಡಿದು, ಶುಲ್ಕ ಕೂಡಿಟ್ಟು ಎನ್‌ಕ್ಲೆಕ್ಸ್‌ಗೆ ಮರಳುವುದು ನಮ್ಮ ಎಷ್ಟೋ ಜನ ಹಿಡಿದಿರುವ ದಾರಿ, ಅದರಲ್ಲಿ ಸೋಲೇನಿಲ್ಲ. ಇಲ್ಲೇ ಇರುವ ಮನಸ್ಸಿದ್ದವರಿಗೆ ಏಮ್ಸ್ ನಡೆಸುವ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಇದೆ. ಅದು ಲೈಸೆನ್ಸಿನ ಪರೀಕ್ಷೆಯಲ್ಲ, ರ‍್ಯಾಂಕಿನದ್ದು, ಪೈಪೋಟಿ ಬಹಳ, ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 30. ಮೂವತ್ತರ ಹತ್ತಿರವಿರುವವರು ಎರಡನ್ನೂ ಒಟ್ಟಿಗೆ ಎಳೆಯದೆ ಮೊದಲು ನಾರ್ಸೆಟ್ ಬರೆದುಬಿಡುವುದು ಜಾಣತನ. ಎನ್‌ಕ್ಲೆಕ್ಸ್‌ಗೆ ವಯಸ್ಸಿನ ಮಿತಿಯಿಲ್ಲ.

ದಿನ ಗೊತ್ತುಮಾಡುವ ಮೊದಲು

ಮರುನೋಂದಣಿಗೆ ರಾಜ್ಯದ ಬೋರ್ಡಿಗೂ ತಿಳಿಸಬೇಕು, ಪರೀಕ್ಷಾ ಕೇಂದ್ರ ನಡೆಸುವ ಪಿಯರ್ಸನ್ ವ್ಯೂಗೂ ಶುಲ್ಕ ಕಟ್ಟಬೇಕು, ಹೊಸ ಎಟಿಟಿ, ಅಂದರೆ ಪರೀಕ್ಷೆ ಬರೆಯಲು ಅನುಮತಿ ಪತ್ರ ಬರಬೇಕು. ಎಟಿಟಿಯ ಮೇಲಿನ ಕೊನೆಯ ದಿನಾಂಕವನ್ನು ವಿಸ್ತರಿಸುವುದಿಲ್ಲ, ಆದ್ದರಿಂದ ನಿಮ್ಮ ಮೂರು ನಾಲ್ಕು ತಿಂಗಳ ಯೋಜನೆಗೆ ಹೊಂದುವಂತೆ ಅರ್ಜಿ ಹಾಕಿ. ನೋಂದಣಿಯಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕಕ್ಷರ ಹೊಂದಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು ಎಂದು ನಮ್ಮಲ್ಲಿ ಮೂರು ರೂಪ ಇರುವುದು ಮಾಮೂಲು. ನಡುವೆ ಪಾಸ್‌ಪೋರ್ಟ್ ನವೀಕರಿಸಿದ್ದರೆ ಮತ್ತೊಮ್ಮೆ ನೋಡಿ. ಬೆಂಗಳೂರಿನಲ್ಲೇ ಕೇಂದ್ರವಿದೆ, ಬೇಕಾದ ವಾರ ಸೀಟಿಲ್ಲದಿದ್ದರೆ ಚೆನ್ನೈ, ಹೈದರಾಬಾದ್ ನೋಡಬಹುದು, ಆದರೆ ಹಿಂದಿನ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಕೂರುವ ಸಾಹಸ ಬೇಡ.

ಪೂರ್ತಿ ಉದ್ದದ ಅಣಕು ಪರೀಕ್ಷೆಗಳನ್ನು ಮೇಜಿನ ಮುಂದೆ ಕೂತು, ನಡುವೆ ಫೋನ್ ಮುಟ್ಟದೆ ಬರೆಯಿರಿ. ಬೇರೆ ಬೇರೆ ವಾರ ಬರೆದ ಎರಡರಲ್ಲೂ ಪಾಸಿನ ಸಾಧ್ಯತೆ ಹೆಚ್ಚು ಎಂದು ತೋರಿಸಿದರೆ ಗೊತ್ತುಮಾಡಿದ ದಿನಕ್ಕೆ ಹೋಗಿ. ಒಂದರಲ್ಲೇ ತೋರಿಸಿ ಇನ್ನೊಂದರಲ್ಲಿ ಬಿದ್ದರೆ ತಪ್ಪಿನ ಪುಸ್ತಕ ತೆರೆದು ಯಾವ ಕಾರಣ ಮತ್ತೆ ತಲೆ ಎತ್ತಿದೆ ನೋಡಿ, ಎಟಿಟಿಯ ಅವಧಿಯೊಳಗೆ ಎರಡು ಮೂರು ವಾರ ಮುಂದಕ್ಕೆ ಹಾಕಿ. ಪರೀಕ್ಷೆಗೆ 24 ಗಂಟೆಗಿಂತ ಮೊದಲೇ ಬದಲಿಸಿದರೆ ಕಟ್ಟಿದ ಶುಲ್ಕ ಮುಳುಗುವುದಿಲ್ಲ. ಅದಕ್ಕಿಂತ ತಡವಾದರೆ ಮೂವತ್ತು ಸಾವಿರ ಹೋದಂತೆಯೇ.